ಹೆಸರಿನ ಹಿಂದೆ ‘ಡಾ.’

ಎಲ್ಲ ಶುರುವಾದದ್ದು ಒಂದು ಅಕ್ಷರ ಮತ್ತು ಅದರ ಪಕ್ಕದ ಚುಕ್ಕಿಯಿಂದ. ಹೊಸ ಕಚೇರಿಯವರು ಮೇಜಿನ ಮೇಲಿಡುವ ಫಲಕದಲ್ಲಿ, ಅವನು ಕೇಳದಿದ್ದರೂ, ಹೆಸರಿನ ಹಿಂದೆ ‘ಡಾ.’ ಎಂದು ಬರೆಸಿಬಿಟ್ಟಿದ್ದರು.

ಆರು ವರ್ಷ ಮಾವನ ಕ್ಲಿನಿಕ್‌ನಲ್ಲಿ ಕೂತು ಡಾಕ್ಟರಿಗೆ ಸಾಕಾಗಿತ್ತು. ಬೇಸರ ತರಿಸಿದ್ದು ಕಾಯಿಲೆಯಲ್ಲ, ಕಾಯಿಲೆಯ ಕತೆ. ನೆಗಡಿಯೆಂದು ಬಂದವರು ಅದು ಯಾವ ಬಸ್ಸಿನಲ್ಲಿ, ಯಾವ ಸೀಟಿನಲ್ಲಿ ಅಂಟಿತು ಎಂಬಲ್ಲಿಂದ ಶುರು ಮಾಡುತ್ತಿದ್ದರು. ಬಿಟ್ಟು ಕಾಲೇಜಿನಲ್ಲಿ ಪಾಠ ಹೇಳಲು ಹೋದ. ವಿದ್ಯಾರ್ಥಿಗಳು ಸಾಲಾಗಿ ನಿಂತು ಮೊಡವೆ ತೋರಿಸಿದರು. ಪ್ರಯೋಗಾಲಯಕ್ಕೆ ಸೇರಿದ, ಪಕ್ಕದ ಸ್ಟೂಲಿನವನು ಮೊದಲ ದಿನವೇ ಬೆನ್ನು ತಿರುಗಿಸಿ ಅಂಗಿ ಎತ್ತಿದ. ಇದು ಮೂರನೆಯ ಪ್ರಯತ್ನ. ಮಾತ್ರೆಯ ಡಬ್ಬದೊಳಗೆ ಎಂಟು ಮಡಿಕೆಯಾಗಿ ಮಲಗಿರುತ್ತದಲ್ಲ, ಸಣ್ಣಕ್ಷರದ ಚೀಟಿ, ಅದನ್ನು ಬರೆಯುವ ಕೆಲಸ. ಯಾರೂ ಓದದ್ದನ್ನು ಬರೆಯುವುದಕ್ಕಿಂತ ನೆಮ್ಮದಿಯ ಕೆಲಸ ಯಾವುದಿದೆ?

“ಇದೇ ಕೊನೆ,” ಎಂದಿದ್ದಳು ಹೆಂಡತಿ, ಬೆಳಿಗ್ಗೆ ಬಾಗಿಲಲ್ಲಿ. “ಇದೂ ನಿಲ್ಲಲಿಲ್ಲ ಅಂದ್ರೆ ಉಸಿರೆತ್ತದೆ ಅಪ್ಪನ ಕ್ಲಿನಿಕ್‌ಗೆ ವಾಪಸ್ ಹೋಗ್ಬೇಕು. ಒಪ್ಪಿಗೆ ತಾನೆ?”

“ಒಪ್ಪಿಗೆ. ಆದ್ರೆ ಹೋಗೋ ಪ್ರಶ್ನೆನೇ ಬರಲ್ಲ. ಅಲ್ಲಿರೋದು ಬರೀ ಕಾಗದ. ಕಾಗದಕ್ಕೆ ಹೊಟ್ಟೆನೋವು ಬರತ್ತಾ?”

ಅವನನ್ನು ಆರಿಸಿದ್ದು ಬೇರೆ ಊರಿನ ಮುಖ್ಯ ಕಚೇರಿ. ಇಲ್ಲಿನವರಿಗೆ ಅವನ ಬಗ್ಗೆ ಗೊತ್ತಿದ್ದದ್ದು ಆ ಫಲಕ ಹೇಳುವಷ್ಟೇ. ಎದುರು ಮೇಜಿನಲ್ಲಿ ಪ್ರೂಫ್ ತಿದ್ದುವ ಹಿರಿಯರು ಅದನ್ನು ಎರಡು ಸಲ ಓದಿದರು.

“ಡಾಕ್ಟ್ರಾ ನೀವು? ಒಳ್ಳೇದಾಯ್ತು ಬಿಡಿ. ಮೆಟ್ಟಿಲು ಹತ್ತುವಾಗ ನನ್ನ ಮಂಡಿ ಕಟಕಟ ಅನ್ನತ್ತೆ. ಇಳಿಯುವಾಗ ಸುಮ್ಮನಿರತ್ತೆ. ಯಾಕೆ ಅಂತೀರಿ?”

ಉತ್ತರಕ್ಕೆ ಕಾಯದೆ ಅವರು ಪ್ಯಾಂಟು ಮಡಚತೊಡಗಿದ್ದರು. ಅವರ ಹಿಂದೆ ಸ್ವಾಗತದ ಮೇಜಿನ ಹುಡುಗಿ ಫೋನಿನಲ್ಲಿ ತನ್ನ ಚಿಕ್ಕಮ್ಮನ ಎಕ್ಸ್‌ರೇ ಹಿಡಿದು ನಿಂತಿದ್ದಳು. ಡಾಕ್ಟರ್ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

“ಅಯ್ಯೋ, ನಾನು ಆ ಡಾಕ್ಟರ್ ಅಲ್ಲ ಸರ್. ಸಾಹಿತ್ಯದಲ್ಲಿ ಡಾಕ್ಟರೇಟ್ ಆಗಿದೆ, ಅಷ್ಟೇ. ಚೀಟಿಗಳ ಭಾಷೆ ತಿದ್ದೋಕೆ ಬಂದಿರೋದು.”

ಪ್ಯಾಂಟು ಕೆಳಗಿಳಿಯಿತು. ಎಕ್ಸ್‌ರೇ ಆರಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಮ್ಮ ತಮ್ಮ ಜಾಗಕ್ಕೆ ಹೋದರು. ಇಷ್ಟು ಸುಲಭದ ಮಂತ್ರ ಕಾಲೇಜಿನಲ್ಲೇ ಹೊಳೆಯಲಿಲ್ಲವಲ್ಲ ಎಂದುಕೊಂಡು ಅವನು ಪೆನ್ನು ತೆರೆದ. ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂದು ಬರೆಯುವಷ್ಟರಲ್ಲಿ ಮೇಜಿನ ಮೇಲೆ ಧೊಪ್ಪೆಂದು ಏನೋ ಬಿತ್ತು. ದಿಂಬಿನಷ್ಟು ದಪ್ಪದ ಕಾಗದದ ಕಟ್ಟು.

“ಇಪ್ಪತ್ತೆಂಟು ವರ್ಷ ಬೇರೆಯವರ ತಪ್ಪು ತಿದ್ದಿದೀನಿ,” ಎಂದರು ಪ್ರೂಫ್‌ನವರು, ದನಿ ತಗ್ಗಿಸಿ. “ಇದು ನನ್ನ ಸ್ವಂತದ ತಪ್ಪು. ಕಾದಂಬರಿ. ಒಂದೊಂದು ಅಕ್ಷರಾನೂ ನೋಡಿ.”

“ಸರ್ ಓದ್ತಾರಂತೆ!” ಎಂದು ಹುಡುಗಿ ಒಳಗೋಡಿದಳು. ಹೊರಬಂದಾಗ ಕೈಯಲ್ಲಿ ನಾಲ್ಕು ನೋಟ್‌ಬುಕ್. “ಬರೀ ಹನಿಗವನ ಸರ್, ಬೇಗ ಆಗತ್ತೆ. ಒಂದು ಸಾವಿರದ ಇನ್ನೂರಿದೆ.”

ಹನ್ನೊಂದು ಗಂಟೆಗೆ ಪಕ್ಕದ ಕೊಠಡಿಯವರೂ ಬಂದರು. ಬಾಗಿಲಾಚೆಯವರೆಗೂ ಸಾಲು ಬೆಳೆಯಿತು. ಕ್ಲಿನಿಕ್‌ನ ಸಾಲಿನಲ್ಲಿ ಕೆಮ್ಮುತ್ತಿದ್ದರು. ಇಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಜ್ವರದವನನ್ನು ಐದು ನಿಮಿಷದಲ್ಲಿ ಚೀಟಿ ಕೊಟ್ಟು ಕಳಿಸಬಹುದು. ಕವಿಗೆ ಯಾವ ಚೀಟಿ ಕೊಡುವುದು?

ಊಟದ ಹೊತ್ತಿಗೆ ಮ್ಯಾನೇಜರ್ ಕರೆಸಿದರು. ಕೆಲಸ ಬಿಟ್ಟು ಇದೇನು ಸಂತೆ ಎಂದು ಬೈಯುತ್ತಾರೆಂಬ ಆಸೆಯಿಂದ ಡಾಕ್ಟರ್ ಒಳಹೋದ. ಅವರು ಎದ್ದು ಬಂದು ಬಾಗಿಲ ಚಿಲಕ ಹಾಕಿದರು.

“ನಾಟಕ,” ಎಂದರು. “ಐದು ಅಂಕ. ಎಲ್ಲ ಪಾತ್ರಾನೂ ನಾನೇ ಮಾಡಿ ತೋರಿಸ್ತೀನಿ. ಎದ್ದೇಳ್ಬೇಡಿ, ರಸಭಂಗ ಆಗತ್ತೆ.”

ಎರಡೂಕಾಲು ಗಂಟೆ ಅವರು ಅತ್ತರು, ನಕ್ಕರು, ಕುರ್ಚಿಯ ಹಿಂದೆ ಅಡಗಿ ವಿಧವೆಯಾಗಿ ಎದ್ದುಬಂದರು. ನಾಲ್ಕನೆಯ ಅಂಕದಲ್ಲಿ ನಾಯಕ ಸತ್ತ. ಸಾಯಲು ಹದಿನೆಂಟು ನಿಮಿಷ ತೆಗೆದುಕೊಂಡ. ಆ ಗಾಯಕ್ಕೆ ಎರಡು ಹೊಲಿಗೆ ಸಾಕಿತ್ತು ಎನ್ನಲು ಹೋಗಿ ಡಾಕ್ಟರ್ ನಾಲಗೆ ಕಚ್ಚಿಕೊಂಡ.

“ಹೇಗಿದೆ? ಮುಚ್ಚುಮರೆ ಬೇಡ.”

“ಚೆನ್ನಾಗಿದೆ ಸರ್.”

“ಚೆನ್ನಾಗಿದೆ ಅಂದ್ರೆ? ಎಲ್ಲಿ? ಯಾವ ಮಾತು?”

ಹರ್ನಿಯಾ ತೋರಿಸಲು ಬಂದ ಯಾವ ರೋಗಿಯೂ ಅದರ ಬಗ್ಗೆ ಮೆಚ್ಚುಗೆ ಕೇಳಿರಲಿಲ್ಲ. ಎಷ್ಟು ಸಭ್ಯರಿದ್ದರು ಅವರು! ಡಾಕ್ಟರಿಗೆ ತಡೆಯಲಾಗಲಿಲ್ಲ.

“ಕ್ಷಮಿಸಿ ಸರ್, ಬೆಳಿಗ್ಗೆ ಸುಳ್ಳು ಹೇಳಿದೆ. ನಾನು ಸಾಹಿತ್ಯದ ಡಾಕ್ಟರ್ ಅಲ್ಲ. ನಾಡಿ ನೋಡೋ ಡಾಕ್ಟರ್.”

ಮ್ಯಾನೇಜರ್ ಕರುಣೆಯಿಂದ ನಕ್ಕರು. “ಅಭಿಪ್ರಾಯ ಕೇಳಿದಾಗ ವಿಮರ್ಶಕರು ಹೀಗೇ ಜಾರಿಕೊಳ್ಳೋದು. ಇರ್ಲಿ, ನಾಳೆಯಿಂದ ದಿನಾ ಎರಡು ಗಂಟೆ ಕೂರೋಣ. ನನ್ನ ಹತ್ರ ಇನ್ನೂ ಏಳು ನಾಟಕ ಇದೆ.”

ಮೂರೂವರೆಗೆ ಡಾಕ್ಟರ್ ನಾಲ್ಕು ಸಾಲಿನ ರಾಜೀನಾಮೆ ಬರೆದ. ಹನಿಗವನವೆಂದುಕೊಂಡು ಹುಡುಗಿ ಅದನ್ನು ಓದಿ, “ಕೊನೇ ಸಾಲು ತುಂಬಾ ಮುಟ್ಟತ್ತೆ ಸರ್,” ಎಂದಳು.

ಬಸ್ಸಿನಲ್ಲಿ ಕೂತಾಗ ಸೋತೆನೆಂದು ಅನ್ನಿಸಲಿಲ್ಲ. ಎದುರು ಸೀಟಿನಲ್ಲಿ ಒಬ್ಬರು ಗೊರಗೊರ ಕೆಮ್ಮುತ್ತಿದ್ದರು. ಅದು ಅವನ ಕಿವಿಗೆ ಸಂಗೀತದಂತೆ ಕೇಳಿತು. ಕೆಮ್ಮಿಗೆ ಎರಡನೆಯ ಅಂಕ ಇಲ್ಲ. ಇವತ್ತೇ ಮಾವನಿಗೆ ಹೇಳಬೇಕು: ಬೆಳಿಗ್ಗೆಯೂ ನಾನೇ ಕೂರುತ್ತೇನೆ, ಸಂಜೆಯೂ ನಾನೇ.

ಕ್ಲಿನಿಕ್ ಬಾಗಿಲು ತೆರೆದಿತ್ತು. ಬೆಂಚು ಖಾಲಿ. ರೋಗಿಗಳನ್ನು ಮಲಗಿಸುವ ಮಂಚದ ಮೇಲೆ ಕಾಗದದ ರೀಮುಗಳು ಮಲಗಿದ್ದವು. ಮೇಜಿನ ಹಿಂದೆ ಮಾವ, ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಸರಸರ ಬರೆಯುತ್ತಿದ್ದರು.

“ಮಾವ, ನಾನು ವಾಪಸ್ ಬಂದೆ. ರೋಗಿಗಳೆಲ್ಲ ಎಲ್ಲಿ?”

“ರೋಗಿಗಳಾ? ಎದುರು ರಸ್ತೆಯ ಡಾಕ್ಟರಿಗೆ ಒಪ್ಪಿಸಿಬಿಟ್ಟೆ ಕಣಯ್ಯ, ಇವತ್ತು ಮಧ್ಯಾಹ್ನ. ಬರೆದೂ ಕೊಟ್ಟಾಯ್ತು.” ಮಾವನ ಮುಖದಲ್ಲಿ ಇಪ್ಪತ್ತು ವರ್ಷ ಇಳಿದಂತಿತ್ತು. “ನಿನ್ನ ನೋಡಿ ನಂಗೂ ಧೈರ್ಯ ಬಂತು. ನಲವತ್ತು ವರ್ಷ ಬೇರೆಯವರ ಕತೆ ಕೇಳಿದ್ದು ಸಾಕು. ಇಷ್ಟು ದಿನ ಕದ್ದುಮುಚ್ಚಿ ಬರೀತಿದ್ದ ನನ್ನ ಕತೇನ ಇನ್ಮೇಲೆ ದಿನವಿಡೀ ಬರೀತೀನಿ. ಕೂತ್ಕೋ, ಓದ್ತೀನಿ.”

ಡಾಕ್ಟರ್ ರೋಗಿಗಳ ಸ್ಟೂಲಿನ ಮೇಲೆ ಕುಸಿದ. ಎದುರಿನ ಕಟ್ಟು ಅವನ ಗಲ್ಲದವರೆಗೆ ಬರುತ್ತಿತ್ತು.

“ಮುಗಿದಿದೆಯಾ ಮಾವ?” ಎಂದ, ಸಣ್ಣ ದನಿಯಲ್ಲಿ.

“ಮುಗಿಯೋದಾ?” ಮಾವ ಮೊದಲ ಹಾಳೆ ಎತ್ತಿಕೊಂಡು ಗಂಟಲು ಸರಿಮಾಡಿಕೊಂಡರು. “ಇದರಲ್ಲಿ ನಾನಿನ್ನೂ ಹುಟ್ಟೇ ಇಲ್ಲ.”