ನಾಲ್ಕು ಟೇಬಲ್ಲಿಗೆ ಒಂದು ಪರದೆ

ನಮ್ಮ ಮನೆಗೆ ಬಂದ ಯಾವ ಹೊಸ ಸಾಮಾನೂ ಸುಮ್ಮನೆ ಬಂದು ತನ್ನ ಜಾಗದಲ್ಲಿ ಕೂತದ್ದಿಲ್ಲ. ಏನಾದರೊಂದು ಫಜೀತಿಯನ್ನು ಜೋಡಿಯಾಗಿ ಕರೆದುಕೊಂಡೇ ಬರುತ್ತದೆ. ಮಿಕ್ಸರ್ ಬಂದಾಗ ಆಯಿತು, ಇನ್ವರ್ಟರ್ ಬಂದಾಗಲೂ ಆಯಿತು. ಈ ಸಲದ್ದು ಕಾಕಾನ ಕಂಪ್ಯೂಟರ್ ಮಾನಿಟರ್.

ಒಂದೇ ಮುಹೂರ್ತ

ಕಾಕಾ ನನ್ನ ಅಪ್ಪನ ತಮ್ಮ. ನವಲಗುಂದದಲ್ಲಿ ನಾವೆಲ್ಲ ಒಂದೇ ಮನೆ. ತಿರ್ಲಾಪುರದ ಹೊಲ ನೋಡಿಕೊಳ್ಳುವವರು ಕಾಕಾನೇ. ಮೊಣಕಾಲಿನ ಆಪರೇಶನ್ ಆದಮೇಲೆ ಹೊಲವೂ ಇಲ್ಲ, ಪೇಟೆಯೂ ಇಲ್ಲ, ಮನೆಯಲ್ಲೇ ಕೂತರು. ಧಾರವಾಡದ ಹಾಸ್ಟೆಲಿನಲ್ಲಿ ಜೊತೆಗಿದ್ದ ಹಳೆಯ ಗೆಳೆಯರು ಆಗಲೇ ಅವರನ್ನು ಆನ್‌ಲೈನ್ ಪೋಕರಿಗೆ ಎಳೆದದ್ದು. ರೊಕ್ಕದ ಆಟವಲ್ಲ, ಪಣಕ್ಕೆ ಬರೀ ಪುಕ್ಕಟೆ ಚಿಪ್ಪು. ಕೈಗೆ ಎರಡು ಇಸ್ಪೀಟು ಎಲೆ ಬರುತ್ತವೆ. ಅವು ಚಲೋ ಇರಲಿ ಬಿಡಲಿ, ಚಿಪ್ಪು ಏರಿಸುತ್ತ ಹೋಗಿ, ಚಲೋ ಅದಾವ ಅಂತ ಎದುರಿನವರನ್ನು ಹೆದರಿಸಿ ಎಲೆ ಒಗೆಯುವಂತೆ ಮಾಡಬೇಕು.

ಫಜೀತಿ ಏನೆಂದರೆ, ರವಿವಾರ ಮಧ್ಯಾಹ್ನ ನಾಲ್ವರು ಗೆಳೆಯರು ಆನ್‌ಲೈನಿನಲ್ಲಿ ಒಂದೇ ಹೊತ್ತಿಗೆ ಬೇರೆಬೇರೆ ನಾಲ್ಕು ಆಟದ ಟೇಬಲ್ ಹಾಕುತ್ತಿದ್ದರು. ಯಾರಿಗೂ ಒಲ್ಲೆ ಅನ್ನಲಾಗದ ಕಾಕಾ ನಾಲ್ಕಕ್ಕೂ ಒಪ್ಪಿಕೊಂಡಿದ್ದರು. ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದೊಂದು ಟೇಬಲ್ಲೂ ಕಡ್ಡಿಪೆಟ್ಟಿಗೆಯಷ್ಟು. ಚಸ್ಮಾ ಏರಿಸಿ ಇಳಿಸಿ ಎಲೆ ನೋಡುವಷ್ಟರಲ್ಲಿ ಹೊತ್ತು ಮುಗಿದು ಆಟವೇ ಅವರ ಎಲೆ ಒಗೆದುಬಿಡುತ್ತಿತ್ತು.

"ಒಬ್ರಿಗರೆ ಒಲ್ಲೆ ಅನ್ನಾಕ ಬರಂಗಿಲ್ಲೇನ್ರಿ ನಿಮಗ?" ಅಂತ ಕಾಕು, ಅಂದರೆ ಕಾಕಾನ ಹೆಂಡತಿ, ಕೇಳಿದರು.

"ಲಗ್ನದ ಸೀಸನ್ನಿನಾಗ ಒಂದ ಮುಹೂರ್ತಕ್ಕ ನಾಕ ಕಡೆ ಅಕ್ಕಿಕಾಳ ಹಾಕಿ ಬರಂಗಿಲ್ಲೇನು? ಇದೂ ಹಂಗ."

"ಅಲ್ಲಿ ನಾಕೂ ಕಡೆ ಉಂಡ ಬರ್ತೀರಿ. ಇಲ್ಲಿ ನಾಕೂ ಕಡೆ ಉಪವಾಸ ಎದ್ದ ಬರ್ತೀರಿ."

ಕಾಕಾ ನಕ್ಕರು. ಆದರೆ ಹಿಂದಿನ ರವಿವಾರ ಫೋನಿನಲ್ಲಿ ಬಂದ ಮಾತು ನನ್ನ ಕಿವಿಗೂ ಬಿದ್ದಿತ್ತು. ನಾಲ್ವರಲ್ಲಿ ಬಾಯಿಜೋರಿನ ಗೆಳೆಯ, "ಲೇ, ನೀ ಎಲಿ ನೋಡೂತನ ನಮಗ ನಿದ್ದಿ ಹತ್ತತೈತಿ. ಇನ್ನೊಂದ ರವಿವಾರ ನೋಡ್ತೀವಿ. ಆಮ್ಯಾಲ ನೀ ಆಡಬ್ಯಾಡ, ಬಾಜೂಕ ಕುಂತ ನೋಡಕೋತ ಇರು" ಅಂದಿದ್ದ. ಕಾಕಾ ಆಗಲೂ ನಕ್ಕಿದ್ದರು. ಆಮೇಲೆ ಚಹಾ ಮುಟ್ಟಿರಲಿಲ್ಲ.

ರೊಟ್ಟಿಯ ಅಳತೆ

ದೊಡ್ಡ ಮಾನಿಟರ್ ಬೇಕು ಅಂತಾಯಿತು. ಎಷ್ಟು ದೊಡ್ಡದು? ಇಂಗ್ಲಿಷ್ ಮೀಡಿಯಂ ಕಲಿತವಳು ಅಂತ ಆರಿಸುವ ಕೆಲಸ ನನಗೆ ಬಂತು. ನಾನು ರೆಸಲ್ಯೂಶನ್, ಪಿಕ್ಸೆಲ್ ಅಂತೆಲ್ಲ ಓದಿಕೊಂಡು ಬಂದು ಮೆಲ್ಲಗೆ ಹೇಳಿದೆ. ಕಾಕಾ ಪೂರ್ತಿ ಕೇಳಿಸಿಕೊಂಡು, "ಅದೆಲ್ಲಾ ಖರೇ ಯವ್ವಾ. ಒಂದ ಟೇಬಲ್ ನನಗ ಎಷ್ಟ ಅಗಲ ಕಾಣತೈತಿ ಹೇಳು" ಅಂದರು. ನಾನು ಮತ್ತೆ ಫೋನಿನಲ್ಲಿ ಹುಡುಕುತ್ತ ಕೂತೆ.

ಸಂಜೆ ಕಾಕು ಅಡುಗೆಮನೆಯಿಂದ ಕೂಗಿದರು, "ಕಟಕ್ ರೊಟ್ಟಿ ಯಾರ ಒಯ್ದೀರಿ?" ಹೊರಗೆ ಬಂದು ನೋಡಿದರೆ ಮೇಜಿನ ಮೇಲೆ ಒಣಗಿ ಗಟ್ಟಿಯಾದ ನಾಲ್ಕು ಜೋಳದ ರೊಟ್ಟಿ, ಎರಡು ಮೇಲೆ, ಎರಡು ಕೆಳಗೆ. ಕಾಕಾ ಎದುರು ಕುರ್ಚಿ ಹಾಕಿಕೊಂಡು, ಚಸ್ಮಾ ತೆಗೆದು, ಒಂದೊಂದೇ ರೊಟ್ಟಿಯನ್ನು ದಿಟ್ಟಿಸುತ್ತಿದ್ದಾರೆ.

"ಟೇಬಲ್ ಇಷ್ಟಿದ್ರ ಬರೋಬ್ಬರಿ. ಚಸ್ಮಾನ ಬ್ಯಾಡ."

"ಇಷ್ಟ ದೊಡ್ಡದ ತಂದ್ರ ಮನ್ಯಾಗ ಇಡೂದೆಲ್ಲಿ?"

"ಹಂಗಾರ ನೀನ ರೊಟ್ಟಿ ಸ್ವಲ್ಪ ಸಣ್ಣದ ಬಡೀಬೇಕಾಗಿತ್ತು!"

ಬಗ್ಗಿದ ಮಾಲು

ಹುಬ್ಬಳ್ಳಿಯ ಅಂಗಡಿಗೆ ನಾನು, ಈಗ ಬಸ್ಸು ಹತ್ತುವಷ್ಟು ಸುಧಾರಿಸಿದ್ದ ಕಾಕಾ, ಮತ್ತು ಪೇಪರಿನಲ್ಲಿ ಸುತ್ತಿದ ಒಂದು ರೊಟ್ಟಿ ಹೋದೆವು. ಕೇಳಬೇಕಾದ್ದನ್ನೆಲ್ಲ ಬಸ್ಸಿನಲ್ಲಿ ಮನಸ್ಸಿನೊಳಗೇ ಹೇಳಿಕೊಂಡಿದ್ದೆ. ಅಂಗಡಿಯವರು "ಬರ್ರಿ" ಅಂದ ಕೂಡಲೇ ಎಲ್ಲ ಮರೆತು ಕಾಕಾನ ಹಿಂದೆ ನಿಂತೆ.

ಅಂಗಡಿಯವರು ಮೊದಲು ತೋರಿಸಿದ್ದು ಕಮಾನಿನ ಹಾಗೆ ಒಳಗೆ ಬಾಗಿದ ಪರದೆ. ಕಾಕಾ ಅದರ ಬೆನ್ನು ಸವರಿ, ಬಾಜೂಕ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದರು. "ಬಗ್ಗೇತಲ್ರಿ ಇದು. ಬಿಸಲಾಗ ಇಟ್ಟಿದ್ರೇನು?"

"ಕಾಕಾರ, ಅದು ಇರೂದ ಹಂಗ. ರೇಟೂ ಹೆಚ್ಚ ಇದಕ್ಕ."

"ಬಾಗಲಾ ಬಗ್ಗಿದ್ರ ಬಡಿಗ್ಯಾ ತಿರುಗಿ ಒಯ್ತಾನ. ನೀವು ರೇಟ್ ಹೆಚ್ಚ ಹಚ್ಚೀರಿ?"

ನೆಟ್ಟಗಿನದು ಬಂತು. "ಇಪ್ಪತ್ತೇಳು ಇಂಚು" ಅಂದರು ಅಂಗಡಿಯವರು. ಕಾಕಾ ಕಿಸೆಯಿಂದ ಟೇಪು ತೆಗೆದು ಅಡ್ಡಕ್ಕೆ ಹಿಡಿದರು. ಇಪ್ಪತ್ತನಾಲ್ಕೂ ತುಂಬಲಿಲ್ಲ. "ಉಳದದ್ದ ಎಲ್ಲಿ ಹೋತ್ರಿ?"

"ಹಂಗಲ್ರಿ, ಈ ಮೂಲಿಯಿಂದ ಆ ಮೂಲಿಗೆ ಅಳೀಬೇಕು. ಎಲ್ಲಾ ಕಂಪನ್ಯಾಗೂ ಹಂಗರಿ."

ಕಾಕಾ ಟೇಪು ಸುತ್ತಿಟ್ಟು ಕುರ್ಚಿ ಎಳೆದುಕೊಂಡು ಕೂತರು. "ನಾ ನಲವತ್ತ ವರ್ಷ ನೆಟ್ಟಗ ಅಳದ ಹೊಲಾ ಮಾಡೇನಿ. ಮೊದಲ ನಿಮ್ಮನ್ನ ಕಂಡಿದ್ರ ಮೂಲಿಯಿಂದ ಮೂಲಿಗೆ ಅಳದ ಇಷ್ಟೊತ್ತಿಗೆ ದೊಡ್ಡ ಜಮೀನ್ದಾರ ಆಗತಿದ್ದೆ."

ನಕ್ಕು ನಕ್ಕು ಅಂಗಡಿಯವರೇ ಆ ಒಂದೇ ರೊಟ್ಟಿಯನ್ನು ಪರದೆಯ ಮೇಲೆ ನಾಲ್ಕು ಕಡೆ ಹಿಡಿದು ತೋರಿಸಿದರು. ನಾಲ್ಕು ಪೂರ್ತಿ ಹಿಡಿಯಲಿಲ್ಲ. ಅಂಚು ಒಂದಿಷ್ಟು ಮುರಿದರೆ ಹಿಡಿಯುತ್ತಿದ್ದವು. ಕಾಕಾ ಅಂಚು ಮುರಿದು ಬಾಯಿಗೆ ಹಾಕಿಕೊಂಡು, "ಕಟ್ರಿ" ಅಂದರು.

ವಿಭೂತಿ

ಮಾನಿಟರ್ ಶನಿವಾರ ಮನೆಗೆ ಬಂದರೂ ಕಾಕು ಮುಟ್ಟಗೊಡಲಿಲ್ಲ. ರವಿವಾರ ಊಟವಾದಮೇಲೆ ಆರತಿ ಬೆಳಗಿ, ಊದಿನಕಡ್ಡಿ ಹಚ್ಚಿ, ವಿಭೂತಿಗಟ್ಟಿಯನ್ನು ತೇವ ಮಾಡಿ, ಇನ್ನೂ ಚಾಲೂ ಮಾಡದ ಕರೀ ಪರದೆಯ ಮೇಲೆ ಮೂರು ಬೆರಳು ದಪ್ಪಗೆ ಎಳೆದರು. ಮೇಲೆ ಹೂವಿನ ಮಾಲೆ ಇಳಿಬಿದ್ದಿತ್ತು ಅಂತ ವಿಭೂತಿಯನ್ನು ಎಡಗಡೆ ಕೆಳಗೆ ಎಳೆದಿದ್ದರು.

ನಾನು ಮಾಲೆಯನ್ನು ಪರದೆಯ ಹಿಂದಕ್ಕೆ ಸರಿಸಿ ಮಾನಿಟರ್ ಚಾಲೂ ಮಾಡಿಕೊಟ್ಟೆ. ನಾಲ್ಕು ಟೇಬಲ್ಲೂ ಸ್ವಚ್ಛ ಮೂಡಿದವು. ಕಾಕಾ ಚಸ್ಮಾ ತೆಗೆದಿಟ್ಟು ಕೂತರು. ಎಡಗಡೆ ಕೆಳಗಿನ ಟೇಬಲ್ ಬಾಯಿಜೋರಿನ ಗೆಳೆಯನದು. ಆ ಟೇಬಲ್ಲಿನಲ್ಲಿ ಕಾಕಾನ ಎಲೆ ಬೀಳುವ ಜಾಗದ ಮೇಲೆಯೇ ವಿಭೂತಿ ಒಣಗಿ ಕೂತಿತ್ತು.

"ಒರಸ ಯವ್ವಾ ಅದನ್ನ."

"ಕೈ ಹಚ್ಚಿ ನೋಡು!" ಅಂದರು ಕಾಕು. "ಪೂಜಾ ಮಾಡಿದ್ದನ್ನ ಅವತ್ತ ಅಳಸ್ತಾರೇನು?"

"ಟೇಬಲ್ ಸ್ವಲ್ಪ ಸರಿಸಲೇನು?" ಅಂತ ನಾನು ಮೌಸಿಗೆ ಕೈ ಹಾಕಿದೆ. ಆಟ ಸುರುವಾಗಿಬಿಟ್ಟಿತು. "ಬಿಡ, ಬಿಡ! ಹೊತ್ತ ಹೋಗತೈತಿ" ಅಂತ ಕಾಕಾ ನನ್ನ ಕೈ ಸರಿಸಿದರು.

ಎಲೆ ಕಾಣುತ್ತಿದ್ದ ಮೂರು ಟೇಬಲ್ಲಿನಲ್ಲೂ ಕಾಕಾ ವಿಚಾರ ಮಾಡಿ, ಗದ್ದ ಕೆರೆದು ಸೋತರು. ವಿಭೂತಿಯ ಟೇಬಲ್ಲಿನಲ್ಲಿ ನೋಡಲು ಏನೂ ಇರಲಿಲ್ಲ, ವಿಚಾರವೂ ಇಲ್ಲ. ಸರದಿ ಬಂದ ಕೂಡಲೇ ಚಿಪ್ಪು ಏರಿಸಿ ಒತ್ತುವುದು, ಮತ್ತೆ ಒತ್ತುವುದು. ಎದುರಿನವರು ಒಬ್ಬೊಬ್ಬರಾಗಿ ಹೆದರಿ ಎಲೆ ಒಗೆದರು. ಕಡೆಗೆ ಬಾಯಿಜೋರಿನವನೂ ಒಗೆದ, ಚಿಪ್ಪೆಲ್ಲ ಕಾಕಾನದಾಯಿತು.

ಆಟ ಮುಗಿದದ್ದೇ ತಡ ಅವನದೇ ಫೋನು. ಕಾಕಾ ಸ್ಪೀಕರ್ ಹಚ್ಚಿದರು.

"ಲೇ ಮಗನ, ಏನ ಎಲಿ ಇದ್ವೋ ಕೈಯಾಗ? ಖರೇ ಹೇಳು."

"ನಾನೂ ನೋಡಿಲ್ಲೋ ಮಾರಾಯಾ."

"ಹೇಳಬ್ಯಾಡ ಬಿಡು! ಇಷ್ಟ ದಿನಾ ಕಣ್ಣ ಕಾಣಂಗಿಲ್ಲ ಅಂತ ನಮಗ ಟೋಪಿ ಹಾಕಿದಿ. ಬರೂ ರವಿವಾರ ನೀ ಬರಾಕಬೇಕು. ತಪ್ಪಿಸಿದ್ರ ನವಲಗುಂದಕ್ಕ ಬಂದ ಎತ್ತಿಕೊಂಡ ಹೋಗ್ತೀವಿ ನೋಡು."

ಕಾಕಾ ಫೋನು ಕೆಳಗಿಟ್ಟರು. ಕಣ್ಣು ಒರೆಸಿಕೊಂಡದ್ದು ಕಾಣಬಾರದು ಅಂತ ಚಸ್ಮಾ ಏರಿಸಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ದೊಡ್ಡ ದನಿಯಲ್ಲಿ ಕೂಗಿದರು:

"ಏ, ಕೇಳಿದೇನ? ವಿಭೂತಿಗಟ್ಟಿ ತಗೊಂಡ ಬಾ. ಇನ್ನೂ ಮೂರ ಟೇಬಲ್ ಉಳದಾವ!"