ಹರಟೆಕಟ್ಟೆಗೆ ಕಾವಲಿಟ್ಟ ಕತೆ

ವಿಮಾನದ ರೆಕ್ಕೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹುಡುಕಿ ತೆಗೆಯುವವನಿಗೆ, ಮನುಷ್ಯರ ಮಾತಿನಲ್ಲಿ ಕೆಟ್ಟದ್ದನ್ನು ಹುಡುಕುವುದು ಯಾವ ಮಹಾ ಕೆಲಸ? ಓಝರ್ ಹತ್ತಿರದ ಕಾರ್ಖಾನೆಯಲ್ಲಿ ತಪಾಸಣೆ ಮಾಡುವ ನಾನು ಹೀಗೆಂದುಕೊಂಡಿದ್ದೆ.

ಆಗ ನಾನು ನಾಸಿಕದ ನಮ್ಮ ಕನ್ನಡ ಬಳಗದ ಕಾರ್ಯದರ್ಶಿ. ಬಳಗಕ್ಕೊಂದು ಜಾಲತಾಣ, ಅದರೊಳಗೊಂದು 'ಹರಟೆಕಟ್ಟೆ'. ಸದಸ್ಯರು ಅಲ್ಲಿ ಮನಸ್ಸಿಗೆ ಬಂದದ್ದನ್ನು ಬರೆಯಬಹುದಿತ್ತು. ಬರೆದೇಬಿಟ್ಟರು! ರಾಜ್ಯೋತ್ಸವದ ಊಟಕ್ಕೆ ಜೋಳದ ರೊಟ್ಟಿಯೋ ಬಿಸಿಬೇಳೆಬಾತೋ ಎಂಬಲ್ಲಿಂದ ಹೊತ್ತಿಕೊಂಡ ಜಗಳ ಪರಸ್ಪರರ ಅಜ್ಜಂದಿರವರೆಗೆ ಹೋಯಿತು. ಹೆಚ್ಚು ಕೂಗಾಡಿದವರು ನಮ್ಮ ಗದಗ, ವಿಜಾಪುರದ ಕಡೆಯವರೇ. ರೊಟ್ಟಿಯ ಮರ್ಯಾದೆಯ ಪ್ರಶ್ನೆ ನೋಡಿ!

"ಕಟ್ಟೀಗೆ ಒಂದು ಪ್ರೋಗ್ರಾಂ ಕೂಡಸ್ತೀನಿ," ಎಂದು ಹೆಂಡತಿ ಸುನಂದಾಗೆ ಘೋಷಿಸಿದೆ. "ಕೃತಕ ಬುದ್ಧಿಮತ್ತೆ! ಕೆಟ್ಟ ಬರಹ ಯಾವುದು, ಚಲೋದು ಯಾವುದು ಅಂತ ಒಮ್ಮೆ ತೋರಿಸಿಕೊಟ್ರ ಸಾಕು, ಮುಂದ ತಾನ ಕಾಯ್ತದ."

"ತೋರಿಸಿಕೊಡೋರು ಯಾರು?"

"ನಾನ!"

"ಹಂಗಾದ್ರ ಆತು ಬಿಡ್ರಿ," ಎಂದು ಆಕೆ ಒಳಗೆ ಹೋದಳು. ನಾನು ಅದನ್ನು ಮೆಚ್ಚುಗೆ ಎಂದೇ ಭಾವಿಸಿದೆ.

ಹಳೆಯ ಜಗಳದ ಬರಹಗಳನ್ನೆಲ್ಲ ಗುಡ್ಡೆಹಾಕಿ 'ಅಸಭ್ಯ' ಎಂದು ಗುರುತು ಮಾಡಿದೆ. ಸಭ್ಯತೆಯ ಮಾದರಿಗೆ ಶೇಷಗಿರಿರಾಯರ ಬರಹಗಳನ್ನು ಉಣಿಸಿದೆ. ಮೈಸೂರು ಕಡೆಯ ಈ ಬ್ಯಾಂಕ್ ಅಧಿಕಾರಿ ಬೈದರೂ ವ್ಯಾಕರಣ ತಪ್ಪದೆ ಬೈಯುವವರು. ಯಂತ್ರ ಎಲ್ಲವನ್ನೂ ನುಂಗಿ 'ಕಲಿಕೆ ಮುಗಿದಿದೆ' ಎಂದಿತು. ಕೂಡಲೇ ಒಂದು ಆಜ್ಞೆಯನ್ನೂ ಹೊರಡಿಸಿದೆ: 'ಇನ್ನು ಮುಂದೆ ಬಳಗದ ಸಕಲ ಸೂಚನೆಗಳೂ ಕಟ್ಟೆಯ ಮೂಲಕವೇ. ಯಾರೂ ಫೋನ್ ಮಾಡತಕ್ಕದ್ದಲ್ಲ.'

ಮೊದಲ ಬಲಿ ಸುನಂದಾ. ಎಣ್ಣೆಗಾಯಿ ಮಾಡುವ ಬಗೆ ಬರೆದಿದ್ದಳು. 'ಬದನಿಕಾಯಿ ಹೊಟ್ಟಿ ಸೀಳ್ರಿ, ಬೆಳ್ಳುಳ್ಳಿ ಜಜ್ಜಿ ಖಾರ ತುಂಬ್ರಿ, ಕಾದ ಎಣ್ಣ್ಯಾಗ ಬಿಡ್ರಿ.' ಯಂತ್ರ ಅದನ್ನು ತಡೆಹಿಡಿದು, 'ತಮ್ಮ ಬರಹ ಹಿಂಸೆಗೆ ಪ್ರಚೋದನೆ ನೀಡುವಂತಿದೆ' ಎಂದು ಆಕೆಗೆ ಎಚ್ಚರಿಕೆ ಕೊಟ್ಟಿತು.

"ಮಶೀನಿಗೆ ಅಡಗಿ ತಿಳೀದಿದ್ರ ಹೋಗ್ಲಿ. ಇಷ್ಟು ವರ್ಷ ಉಂಡ ನಿಮಗೂ ತಿಳೀಲಿಲ್ಲೇನು?"

"ಸುರುವಾತಿಗೆ ಹಿಂಗ ಆಗ್ತದ," ಎಂದೆ. ಆ ವಾರ ಎಣ್ಣೆಗಾಯಿ ಆಗಲಿಲ್ಲ.

ಅತ್ತ ಶೇಷಗಿರಿರಾಯರು ಬರೆದರು: 'ಮಾನ್ಯ ಕಾರ್ಯದರ್ಶಿಗಳು ತಮ್ಮ ಸ್ವಂತ ಬುದ್ಧಿಗೆ ಶಾಶ್ವತ ವಿಶ್ರಾಂತಿ ನೀಡಿರುವುದು ಸರ್ವರಿಗೂ ಹರ್ಷದಾಯಕ ಸಂಗತಿ.' ಯಂತ್ರ ಅದಕ್ಕೆ ಹಸಿರು ನಕ್ಷತ್ರ ಅಂಟಿಸಿ 'ಮಾದರಿ ಬರಹ' ಎಂದು ಮೇಲೇರಿಸಿತು. ನಾನೂ ಎರಡು ಸಲ ಓದಿ ಸಂತೋಷಪಟ್ಟೆ. ಮೂರನೇ ಸಲ ಓದಿದಾಗ ಅರ್ಥವಾಯಿತು!

ಆದರೂ ಹಿಂದೆ ಸರಿಯಲಿಲ್ಲ. ಕಟ್ಟೆ ದಿನೇದಿನೇ ಶಾಂತವಾಗುತ್ತಿತ್ತು. ನಮ್ಮ ಕಡೆಯ ಮಂದಿಯ ಸದ್ದೇ ಇರಲಿಲ್ಲ. 'ಎಷ್ಟು ಬೇಗ ಸುಧಾರಿಸಿದರು!' ಎಂದು ಎದೆಯುಬ್ಬಿಸಿಕೊಂಡು ತಿರುಗಿದೆ.

ಅಷ್ಟರಲ್ಲಿ ಈಗಿನ ಸಂಭಾಜಿನಗರದ ಕನ್ನಡಿಗರು ನಮ್ಮನ್ನು ಊಟಕ್ಕೆ ಕರೆದರು. ಹಿಂದೊಮ್ಮೆ ಎರಡೂ ಬಳಗಗಳ ನಡುವೆ ಮಾತು ಬಿಟ್ಟುಹೋಗಿತ್ತು. ಅದನ್ನು ಕೂಡಿಸಬೇಕೆಂದು ಅಲ್ಲಿಯ ಹಿರಿಯರಾದ ದೇಸಾಯಿ ಕಾಕಾ ತಿಂಗಳುಗಟ್ಟಲೆ ಒದ್ದಾಡಿದ್ದರು. ದೌಲತಾಬಾದ್ ಕೋಟೆಯ ಬುಡದಲ್ಲಿ ಊಟ ಎಂದು ನಿಶ್ಚಯವಾಯಿತು. ಕಾಕಾಗೂ ನಮ್ಮ ಕಟ್ಟೆಯಲ್ಲಿ ಬರೆಯಲು ಅನುಮತಿ ಕೊಟ್ಟು, ಫೋನ್ ಬೇಡ, ಏನಿದ್ದರೂ ಅಲ್ಲೇ ತಿಳಿಸಿ ಎಂದಿದ್ದೆ. ಒಂದು ಬಸ್ಸಿನ ತುಂಬ ಹೊರಟೆವು. ಕಾಕಾನ ಮನೆಯ ಊಟವೆಂದು ಅರ್ಧ ಮಂದಿ ಬೆಳಿಗ್ಗೆ ನಾಷ್ಟಾ ಕೂಡ ಮಾಡಿರಲಿಲ್ಲ.

ಕೋಟೆ ಇತ್ತು. ಬಿಸಿಲಿತ್ತು. ಪೇರಲ ಹಣ್ಣು ಮಾರುವವರಿದ್ದರು. ದೇಸಾಯಿ ಕಾಕಾ ಇರಲಿಲ್ಲ!

"ಫೋನ್ ಹಚ್ರಿ," ಎಂದಳು ಸುನಂದಾ.

"ಆಜ್ಞಾ ಮಾಡಿದಾಂವ ನಾನ. ನಾನ ಮುರಿಯೂದಿಲ್ಲ."

ಮಧ್ಯಾಹ್ನ ಇಳಿಯತೊಡಗಿತು. ಮಂದಿ ಪೇರಲಗಳನ್ನು ಮುಗಿಸಿ ನನ್ನನ್ನು ನೋಡತೊಡಗಿದರು. ಸುನಂದಾ ನನ್ನ ಅಂಗಿಯ ಜೇಬಿಗೇ ಕೈಹಾಕಿ ಫೋನ್ ತೆಗೆದು ಕಾಕಾಗೆ ಹಚ್ಚಿದಳು. ಆ ಕಡೆಯ ದನಿ ನಮಗೆಲ್ಲ ಕೇಳಿಸಿತು.

"ಪೈಠಣದಾಗ ಎಲಿ ಹಾಕಿ ಕುಂತೇವ್ರೀ ತಂಗಿ! ಕೋಟಿ ಕಡೆ ನೆರಳಿಲ್ಲಂತ ಜಾಗಾ ಬದಲಿ ಮಾಡಿ ಕಟ್ಟೀಮ್ಯಾಲೆ ಬರದಿದ್ನಲ್ಲಾ!"

ಫೋನ್ ಇಸಿದುಕೊಂಡು, ತಡೆಹಿಡಿದ ಬರಹಗಳ ಪೆಟ್ಟಿಗೆ ತೆರೆದೆ. ಅಷ್ಟು ದಿನ ಒಮ್ಮೆಯೂ ತೆರೆದಿರಲಿಲ್ಲ. ಯಂತ್ರದ ಮೇಲೆ ಅಷ್ಟು ನಂಬಿಕೆ! 'ಜಾಗಾ ಬದಲಾಗೇತ್ರೀ, ಪೈಠಣಕ್ಕ ಬರ್ರೀ.' ಅಸಭ್ಯ. 'ಯಾಕ್ರೀ, ಉತ್ತರಾನ ಇಲ್ಲ?' ಅಸಭ್ಯ. 'ನಮ್ಮ ಮ್ಯಾಲೆ ಇನ್ನೂ ಸಿಟ್ಟ ಐತೇನ್ರೀ?' ಅತ್ಯಂತ ಅಸಭ್ಯ! ಅದರ ಕೆಳಗೆ ನಮ್ಮ ಕಡೆಯ ಮಂದಿ ಬರೆದದ್ದೆಲ್ಲ ಇತ್ತು: ಹಬ್ಬದ ಶುಭಾಶಯ, ಮಗಳ ಮದುವೆಯ ಕರೆ, ಆರಾಮ ಇದೀರೇನ್ರೀ ಎಂಬ ವಿಚಾರಣೆ. ಯಂತ್ರ ತಪ್ಪು ಮಾಡಿರಲಿಲ್ಲ. ನಾನು ಕೆಟ್ಟದ್ದೆಂದು ತೋರಿಸಿದ ಜಗಳಗಳ ತುಂಬ 'ರೀ' ಇತ್ತು. 'ರೀ' ಎಂದರೆ ಘೋರ ಬೈಗುಳವೆಂದು ಅದು ಶ್ರದ್ಧೆಯಿಂದ ಕಲಿತಿತ್ತು. ಗುರುವಿಗೆ ತಕ್ಕ ಶಿಷ್ಯ!

ಬಸ್ಸು ಪೈಠಣದ ದಾರಿ ಹಿಡಿಯಿತು. ಹಸಿದವರ ಮುಖ ನೋಡಲಾರದೆ, ಎಲ್ಲರ ಕ್ಷಮೆ ಕೇಳಲೇಬೇಕೆಂದು ಹಟದಿಂದ ಕಟ್ಟೆಯಲ್ಲಿ ಬರೆದೆ: 'ತಪ್ಪು ನಂದರೀ, ಕ್ಷಮಾ ಮಾಡ್ರೀ.' ತಡೆಯಿತು. ಮತ್ತೆ ಬರೆದೆ. ತಡೆಯಿತು. ಇನ್ನೊಮ್ಮೆ ಒತ್ತಿದಾಗ ಉತ್ತರ ಬಂತು: 'ಪದೇಪದೇ ಅಸಭ್ಯ ವರ್ತನೆಗಾಗಿ ತಮ್ಮನ್ನು ಬಳಗದಿಂದ ಹೊರಹಾಕಲಾಗಿದೆ.'

"ಏನಂತ್ರಿ?" ಎಂದಳು ಸುನಂದಾ.

"ಏನಿಲ್ಲ," ಎಂದು ಫೋನ್ ಜೇಬಿಗಿಟ್ಟೆ.

ಪೈಠಣ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಗೋದಾವರಿಯ ದಂಡೆಯಲ್ಲಿ ದೇಸಾಯಿ ಕಾಕಾ ಒಣಗಿದ ಎಲೆಗಳ ಪಕ್ಕದಲ್ಲಿ ನಿಂತಿದ್ದರು. ಅವರ ಮಂದಿಯೂ ಉಂಡಿರಲಿಲ್ಲ. ಬಸ್ಸಿನಿಂದ ಮೊದಲು ಇಳಿದು, ನಡೆದದ್ದೆಲ್ಲ ಬಾಯಿಬಿಟ್ಟು ಹೇಳಿ ಕೈಮುಗಿದೆ. ಕಾಕಾ ನನ್ನ ಮುಗಿದ ಕೈಗಳನ್ನು ಹಿಡಿದುಕೊಂಡರು.

"ಬರ್ರಿ, ಕುಂದರ್ರಿ, ಊಟಾ ಮಾಡ್ರಿ," ಎಂದು, ಗುಟ್ಟು ಹೇಳುವವರಂತೆ ಕಿವಿಯ ಹತ್ತಿರ ಬಾಗಿ, ಎಲ್ಲರಿಗೂ ಕೇಳಿಸುವಂತೆಯೇ ಕೇಳಿದರು: "ಇಷ್ಟ ಅಂದ್ರ ನಡೀತದಿಲ್ಲೋ? ಪೊಲೀಸ್ರು ಬರೂದಿಲ್ಲಲ್ಲ?"

ಎರಡೂ ಬಳಗಗಳು ಒಟ್ಟಿಗೆ ನಕ್ಕವು. ಮಾತು ಕೂಡಿದ್ದು ಆ ನಗುವಿನಲ್ಲೇ. ನಕ್ಕದ್ದು ನನ್ನನ್ನು ನೋಡಿ ಎಂಬುದೊಂದೇ ಸಣ್ಣ ಸಂಕಟ.

ಮುಂದಿನ ಸಭೆಯಲ್ಲಿ ಯಂತ್ರವನ್ನೂ ನನ್ನನ್ನೂ ಒಂದೇ ಠರಾವಿನಲ್ಲಿ ನಿವೃತ್ತಿಗೊಳಿಸಿದರು. ಆದರೆ ಸೇವಾಮನೋಭಾವದವನನ್ನು ಬರಿಗೈಲಿ ಕಳಿಸಬಾರದೆಂದು, ಸಮಾರಂಭಗಳಲ್ಲಿ ಚಪ್ಪಲಿ ಕಾಯುವ ಹೊಣೆ ಕೊಟ್ಟರು. ಅದಕ್ಕೆ ಸಹಜ ಬುದ್ಧಿಯೂ ಬೇಡ, ಕೃತಕ ಬುದ್ಧಿಯೂ ಬೇಡ ಎಂದು ಶೇಷಗಿರಿರಾಯರು ಅತ್ಯಂತ ಸಭ್ಯವಾಗಿ ವಿವರಿಸಿದರು.

ಮೊದಲ ಸಮಾರಂಭದಲ್ಲೇ ಒಂದು ಜೊತೆ ಕಾಣೆಯಾಯಿತು. ನನ್ನದೇ!