ಪ್ರಳಯಕ್ಕೆ ಎರಡು ರಟ್ಟು

"ನಾನು ಹೊಲಿದ ಪುಸ್ತಕ ಪ್ರಳಯ ಬಂದ್ರೂ ಬಿಚ್ಚಲ್ಲ, ಬರೆದಿಟ್ಕೋ!" ಎಂದು ರಟ್ಟಣ್ಣ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡದ್ದೇ ಈ ಅನಾಹುತಕ್ಕೆ ನಾಂದಿ.

ರಟ್ಟಣ್ಣ ಎಂದರೆ ಬಡಾವಣೆಯ ಗ್ರಂಥಾಲಯದ ಹರಿದ ಪುಸ್ತಕಗಳಿಗೆಲ್ಲ ಬೈಂಡಿಂಗ್ ಮಾಡುವ ಮಹಾಶಯ. ಮೂವತ್ತು ವರ್ಷಗಳಲ್ಲಿ ಸಾವಿರಾರು ಪುಸ್ತಕ ಹೊಲಿದಿದ್ದ, ಒಂದನ್ನೂ ಓದಿರಲಿಲ್ಲ. "ಹಾಸಿಗೆ ಹೊಲಿಯೋನು ಎಲ್ಲರ ಮನೇಲೂ ಮಲಗಿ ನೋಡ್ಬೇಕಾ?" ಎಂಬುದು ಅವನ ವಾದ.

ಈ ಸಲ ಬಂದದ್ದು ಸಾಧಾರಣ ಪುಸ್ತಕವಲ್ಲ. ಲೋಕವೆಲ್ಲ ಸುಟ್ಟು ಬೂದಿಯಾದ ಮೇಲೆ ಉಳಿದ ನಾಲ್ಕು ಜನರ ಕಥೆ. ದೊಡ್ಡ ಬಹುಮಾನ ಹೊಡೆದ, ತಲೆದಿಂಬಿನಷ್ಟು ದಪ್ಪ ಕಾದಂಬರಿ! ಇದ್ದದ್ದು ಒಂದೇ ಪ್ರತಿ, ಅದರ ಬೆನ್ನೂ ಮುರಿದಿತ್ತು. "ಗಟ್ಟಿಯಾಗಿ ಮಾಡಿಕೊಡಿ. ಚೆನ್ನಾಗಿ ಬಂದ್ರೆ ನಿಘಂಟುಗಳ ಕಪಾಟಿನ ಬೈಂಡಿಂಗ್ ಪೂರ್ತಿ ನಿಮಗೇ," ಎಂದಿದ್ದರು ಗ್ರಂಥಪಾಲಕಿ. ನಿಘಂಟುಗಳು! ಒಂದೊಂದೂ ಕೈಕೂಸಿನ ತೂಕ! ಹತ್ತು ವರ್ಷದಿಂದ ರಟ್ಟಣ್ಣನ ಕಣ್ಣು ಆ ಕಪಾಟಿನ ಮೇಲೇ ಇತ್ತು.

ಅಷ್ಟು ದಪ್ಪ ಪುಸ್ತಕಕ್ಕೆ ಒಂದು ಬೆನ್ನು ಸಾಲದೆಂದು ಅವನು ಅದನ್ನು ನಟ್ಟನಡುವೆ ಬ್ಲೇಡು ಹಾಕಿ ಎರಡು ಭಾಗ ಮಾಡಿದ. ಎರಡಕ್ಕೂ ಒಂದೇ ಕೆಂಪು ಬಟ್ಟೆ, ಒಂದೇ ಥರದ ಹೊಂಬಣ್ಣದ ಹೆಸರು. ಎರಡನೆಯದು ಬರಿಮೈಯಲ್ಲಿ ಹೊರಡಬಾರದೆಂದು ಹೆಸರಿನ ಪುಟದ ಜೆರಾಕ್ಸ್ ತೆಗೆಸಿ ಅದಕ್ಕೂ ಅಂಟಿಸಿದ. ಅಂಚು ಸಮ ಮಾಡುವ ಹುರುಪಿನಲ್ಲಿ ಬ್ಲೇಡು ತುಸು ಒಳಗೇ ಇಳಿದು, ಪುಟಗಳ ನಂಬರುಗಳೆಲ್ಲ ಕಸದ ಬುಟ್ಟಿ ಸೇರಿದವು.

"ರೀ, ಬೆನ್ನ ಮೇಲೆ ಒಂದು, ಎರಡು ಅಂತಾದ್ರೂ ಹಾಕ್ರೀ," ಎಂದಳು ಹೆಂಡತಿ.

"ಅಂಕಿ ಹಾಕಿದ್ರೆ ಅಂದ ಕೆಡುತ್ತೆ ಕಣೇ."

"ಓದೋರಿಗೆ ಗೊತ್ತಾಗ್ಬೇಡ್ವಾ?"

"ಅಷ್ಟೂ ಗೊತ್ತಾಗದೋರು ಓದೋದ್ಯಾಕೆ? ನನಗೇ ಬುದ್ಧಿ ಹೇಳ್ತೀಯಾ!"

ಅವನು ಪುಸ್ತಕ ಒಯ್ದಾಗ ಗ್ರಂಥಪಾಲಕಿ ಊಟಕ್ಕೆ ಹೋಗಿದ್ದರು. ಮೇಜಿನ ಮೇಲಿಟ್ಟು ಬಂದ. ಎರಡರಲ್ಲೂ ಒಂದೇ ಹೆಸರು ಕಂಡು, ಯಾರೋ ಪುಣ್ಯಾತ್ಮರು ಇನ್ನೊಂದು ಪ್ರತಿ ದಾನ ಕೊಟ್ಟಿದ್ದಾರೆ ಎಂದು ಹಿಗ್ಗಿದ ಗ್ರಂಥಪಾಲಕಿ, ಒಂದನ್ನು ನಿವೃತ್ತ ಮೇಷ್ಟ್ರಿಗೂ ಇನ್ನೊಂದನ್ನು ನರ್ಸಮ್ಮನಿಗೂ ಕೊಟ್ಟರು. ಅವರಿಂದ ಮುಂದಿನವರಿಗೆ, ಅಲ್ಲಿಂದ ಅದರ ಮುಂದಿನವರಿಗೆ. ಎರಡು ತಿಂಗಳಾದ ಮೇಲೆ, ಒಂದು ಭಾನುವಾರ ಗ್ರಂಥಾಲಯದಲ್ಲಿ ಆ ಕಾದಂಬರಿಯ ಚರ್ಚೆ ಏರ್ಪಾಡಾಯಿತು. ನಿಘಂಟಿನ ತೀರ್ಮಾನವೂ ಅಂದೇ ಎಂದು ರಟ್ಟಣ್ಣ ಇಸ್ತ್ರಿ ಅಂಗಿ ತೊಟ್ಟು, ಹೆಂಡತಿಯೊಂದಿಗೆ ಮುಂದಿನ ಸಾಲಿನಲ್ಲೇ ಕೂತ.

"ಘೋರ ಕತ್ತಲೆಯ ಕಾದಂಬರಿ!" ಮೇಷ್ಟ್ರು ಗುಡುಗಿದರು. "ಭರವಸೆಗೆ ಎಳ್ಳಷ್ಟೂ ಜಾಗ ಇಲ್ಲ!"

"ಏನ್ ಹೇಳ್ತಿದ್ದೀರಿ ಮೇಷ್ಟ್ರೇ? ಮೂರು ಹೆರಿಗೆ ಆಗುತ್ತೆ! ನಾನೇ ಎಣಿಸಿದೀನಿ," ಎಂದರು ನರ್ಸಮ್ಮ.

"ಹೆರಿಗೆಯಾ? ಇರೋ ಒಬ್ಬಳು ಹೆಂಗಸು ಬಾಗಿಲು ತೆಗೆಯೋಕೂ ಹೆದರ್ತಾಳೆ!"

"ಅವಳೇ ಹೊಸ ಊರು ಕಟ್ಟೋದು!"

ಅರ್ಧ ಸಭೆ ಮೇಷ್ಟ್ರ ಕಡೆ, ಅರ್ಧ ನರ್ಸಮ್ಮನ ಕಡೆ. ಕುರ್ಚಿಗಳೂ ಪಕ್ಷಾಂತರ ಮಾಡಿದವು!

"ಕೊನೇ ಸಾಲು ನೋಡಿ!" ಮೇಷ್ಟ್ರು ಪುಸ್ತಕ ಎತ್ತಿ ಹಿಡಿದರು. "'ಅವಳು ಬಾಗಿಲು ತೆರೆದಾಗ ಹೊಸ್ತಿಲಲ್ಲಿ', ಅಷ್ಟೇ! ಲೋಕವೇ ಮುಗಿದ ಮೇಲೆ ಪೂರ್ಣವಿರಾಮ ಯಾಕೆ? ಎಂಥಾ ಪ್ರತಿಭೆ! ಅದು ಅರ್ಥ ಆಗದೋರಿಗೆ ಓದೋಕೇ ಬರಲ್ಲ!"

ನರ್ಸಮ್ಮನ ಕಣ್ಣಲ್ಲಿ ನೀರಾಡಿತು. ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟು ಓದಿದವರು ಆಕೆ.

ರಟ್ಟಣ್ಣ ಒಂದಕ್ಷರ ಓದದಿದ್ದರೂ ತನ್ನ ಬ್ಲೇಡು ಎಲ್ಲಿ ಬಿದ್ದಿತ್ತೆಂದು ಅವನಿಗೆ ಗೊತ್ತಾಯಿತು. ಇಸ್ತ್ರಿ ಅಂಗಿ ಬೆನ್ನಿಗಂಟಿತು. ಹೆಂಡತಿ ಚಿವುಟಿದಳು: "ಎದ್ದು ಹೇಳ್ರೀ!"

"ಸುಮ್ನಿರೇ, ನಿಘಂಟು ಹೋಗುತ್ತೆ!"

"ಪಾಪ, ಆಯಮ್ಮ ಅಳ್ತಿದಾರೆ!"

ರಟ್ಟಣ್ಣನಿಗೆ ನಿಜಕ್ಕೂ ನಾಚಿಕೆಯಾಯಿತು. ಎದ್ದು ನಿಂತ. "ತಪ್ಪು ನಂದು... ಅದು ಎರಡು ಪುಸ್ತಕ ಅಲ್ಲ, ಒಂದೇ..." ಎನ್ನುತ್ತ ಎರಡೂ ಪುಸ್ತಕಗಳ ಕಡೆ ಬೆರಳು ತೋರಿಸಿದ. ಹೆಂಡತಿ ಎರಡೂ ಪುಸ್ತಕ ಇಸಿದುಕೊಂಡು, ಒಂದರ ಕೊನೆಯನ್ನೂ ಇನ್ನೊಂದರ ಮೊದಲನ್ನೂ ಸೇರಿಸಿ ಓದಿದಳು: "'ಅವಳು ಬಾಗಿಲು ತೆರೆದಾಗ ಹೊಸ್ತಿಲಲ್ಲಿ ನಾಯಿಯೊಂದು ಬಾಲ ಆಡಿಸುತ್ತ ನಿಂತಿತ್ತು.'"

ಎರಡು ತಿಂಗಳಲ್ಲಿ ಮೊದಲ ಸಲ ಓದುಗರೆಲ್ಲ ಒಮ್ಮತಕ್ಕೆ ಬಂದರು: "ರಟ್ಟಣ್ಣಾ!!"

ಮೇಷ್ಟ್ರು ನರ್ಸಮ್ಮನ ಮುಂದೆ ಕೈಮುಗಿದರು. ಗ್ರಂಥಪಾಲಕಿ ಕನ್ನಡಕ ಸರಿಮಾಡಿಕೊಂಡು ತೀರ್ಪು ಕೊಟ್ಟರು: "ನಿಘಂಟಿನ ಕೆಲಸ ನಿಮ್ಮ ಮನೆಗೇ ಕೊಡ್ತೀನಿ. ಆದ್ರೆ ನಿಮಗಲ್ಲ, ನಿಮ್ಮ ಮನೆಯವರಿಗೆ! ಅವರು ಓದಿ ಒಪ್ಪಿದ ಮೇಲೇ ನೀವು ಸೂಜಿ ಮುಟ್ಟಬೇಕು."

ಮರುದಿನ ಬೆಳಿಗ್ಗೆ ರಟ್ಟಣ್ಣ ಅಂಟು ಕಲಸಿ, ದಾರ ಪೋಣಿಸಿ, ರಟ್ಟು ಕತ್ತರಿಸಿ, ಕೈಕಟ್ಟಿ ನಿಂತ. ಅವನ ಸ್ಟೂಲಿನ ಮೇಲೆ ಹೆಂಡತಿ ವಿರಾಜಮಾನಳಾಗಿದ್ದಳು, ತೊಡೆಯ ಮೇಲೆ ಮೊದಲನೇ ಸಂಪುಟ. ಮಧ್ಯಾಹ್ನವಾಯಿತು, ಅಂಟು ಗಟ್ಟಿಯಾಯಿತು.

"ಏನೇ, ಹೊಲಿಯೋಣ್ವಾ?"

ಆಕೆ ತಲೆಯೆತ್ತದೆ ಹಾಳೆ ತಿರುವಿದಳು. "ತಡೀರಿ. ಇನ್ನೂ 'ಅ'ದಲ್ಲೇ ಇದೀನಿ."